ಜಪಾನಿ ಹನುಮಪ್ಪನ ಅಪ್ಪಣೆ

ಮಗ್ಗದ ಕಂಬಕ್ಕೆ ಕಟ್ಟಿದ್ದ ಕೋತಿ ಬೆಳಿಗ್ಗೆ ನೋಡಿದರೆ ಮಾಯ!

ಹೆಬ್ಬೆರಳಷ್ಟೇ ಇರೋ ಮರದ ಕೋತಿ. ಜಪಾನಿನದು, ನೂರೈವತ್ತು ವರ್ಷ ಹಳೇದು. ಅವರ ಹಿಂದಿನ ಕಾಲದ ಉದ್ದಂಗಿಗೆ ಜೇಬಿರಲಿಲ್ಲ. ನಮ್ಮ ತಾತಂದಿರು ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಗಿಸಿದಂತೆ ಅವರೂ ನಡುಪಟ್ಟಿಯಿಂದ ಚೀಲ ಇಳಿಬಿಡುತ್ತಿದ್ದರು. ದಾರ ಜಾರದಂತೆ ಮೇಲೆ ತಡೆಯೋಕೆ ಇಂಥದ್ದೊಂದು ಗೊಂಬೆ.

ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು ಕನ್ನಡ ಕಲಿತ ಕಿಮಿಕೊ ಮೇಡಂ, ಮುತ್ತಜ್ಜನ ಈ ಕೋತಿಯನ್ನು ಮೊಳಕಾಲ್ಮೂರಿನ ನೇಕಾರ ತಿಪ್ಪೇರುದ್ರನ ಕೈಗಿಟ್ಟು, "ಇದರ ಚಿತ್ರ ಸೀರೆಯ ಸೆರಗಿನಲ್ಲಿ ಬರಲಿ" ಅಂದಿದ್ದಳು. ಇವತ್ತು ಮೂರು ಗಂಟೆಗೆ ಎರಡನ್ನೂ ಒಯ್ಯಲು ಬರುತ್ತಾಳೆ. ಮನಸ್ಸಿಗೆ ಬಂದರೆ ಇನ್ನೂ ಹತ್ತು ಸೀರೆ. ಹತ್ತು ಸೀರೆ ಸಿಕ್ಕರೆ ರುದ್ರ ಕೂಲಿ ನೇಯೋದು ಬಿಟ್ಟು, ನೂಲನ್ನು ಮಾಲೀಕನ ಮುಖಕ್ಕೇ ಎಸೆದು ಬರ್ತಾನೆ.

"ಅವ್ವಾ, ಕೋತಿ ಎಲ್ಲಿ?"

"ಕೋತಿ ಅನ್ಬ್ಯಾಡಲೇ, ಬಾಯಾಗೆ ಹುಳ ಬೀಳ್ತಾವೆ! ಹನುಮಪ್ಪನ್ನ ದಾರ ಕಟ್ಟಿ ನೇತಾಕಿದ್ಯಲ್ಲ! ನೋಡಕ್ಕಾಗ್ದೆ ಓಬಕ್ಕನ ಮನೇಲಿ ಕುಂಡ್ರಿಸಿ ಬಂದೆ."

ರುದ್ರ ಪಕ್ಕದ ಮನೆಗೆ ನುಗ್ಗಿದ. ನಡುಮನೆಯ ಮಣೆ ಮೇಲೆ ಕೋತಿ ಹಿತ್ತಲ ಬಾಗಿಲ ಕಡೆ ಮುಖ ಮಾಡಿ, ಮೈತುಂಬ ಕುಂಕುಮ ಬಳಿದುಕೊಂಡು ಹೊಸ ಮದುವಣಿಗನಂತೆ ಕೂತಿತ್ತು. ಎದುರಿಗೆ ಅರ್ಧ ಬೀದಿಯ ಜನ ನೆರೆದಿದ್ದರು.

"ಓಬಕ್ಕ, ಅದು ಬೇರೇರ ಸಾಮಾನು. ಕೊಡು."

"ಬಂದ ದೇವರನ್ನ ಹಂಗೆ ಕಳಿಸ್ತಾರೇನೋ? ಅಪ್ಪಣೆ ಕೇಳ್ತೀನಿ. ಹೂ ದೇವರ ಬಲಕ್ಕೆ ಬಿದ್ರೆ ತಗಂಡೋಗು, ಎಡಕ್ಕೆ ಬಿದ್ರೆ ಇಲ್ಲ."

ಕೋತಿಯ ನೆತ್ತಿ ಮೇಲೆ ತುಂಬೆ ಹೂ ಇಟ್ಟಳು. ಊಟ ಮುಗಿಸಿ ಬಂದ ಗುಮಾಸ್ತನಂತೆ ಅದು ಕದಲಲಿಲ್ಲ. ಹನ್ನೆರಡಾಯ್ತು, ಒಂದಾಯ್ತು, ಎರಡೂವರೆಯೂ ಆಯ್ತು.

"ದೇವರಿಗೆ ನಿನ್ ಮಕ ಹಿಡಿಸ್ಲಿಲ್ಲ ಕಣಲೇ," ಅಂದ ಎದುರುಮನೆ ನೇಕಾರ ಗೋಪಿ.

ರುದ್ರನ ಪಿತ್ತ ನೆತ್ತಿಗೇರಿತು. ಮೂಲೆಯ ಟೇಬಲ್ ಫ್ಯಾನನ್ನು ದರದರ ಎಳೆದು ದೇವರ ಎಡಕ್ಕಿಟ್ಟು ಸ್ವಿಚ್ ಒತ್ತಿದ. "ದೇವರಿಗೆ ಸೆಕೆ ಐತೆ!"

ಹೂ ಪಟ್ಟನೆ ಬಲಕ್ಕೆ ಹಾರಿತು. "ಕೊಟ್ಟ ಕಣವ್ವೋ!" ಅಂತ ಬೀದಿಯೇ ಕೈಮುಗಿಯಿತು.

ರುದ್ರ ಕೋತಿಗೆ ಕೈಚಾಚುವಷ್ಟರಲ್ಲಿ, ಅವ್ವನನ್ನು ಕೇಳಿಕೊಂಡು ಬಂದ ಕಿಮಿಕೊ ಬೀದಿಬಾಗಿಲಲ್ಲಿ ನಿಂತಿದ್ದಳು. "ನನ್ನ ಮುತ್ತಜ್ಜನ ಕೋತಿಗೆ ಏನಾಗಿದೆ?"

ರುದ್ರ ಅಳುಕಲೇ ಇಲ್ಲ. "ದೇವರು ಮಾಡೀವಿ ಮೇಡಂ! ಕೇಳಿದ್ದಕ್ಕೆಲ್ಲ ಹೂ ಕೊಡ್ತೈತೆ. ಬಲಕ್ಕೆ ಬಿದ್ರೆ ಹೂಂ, ಎಡಕ್ಕೆ ಬಿದ್ರೆ ಊಹೂಂ."

ಮುತ್ತಜ್ಜನಿಗೆ ಸಿಕ್ಕ ಮರ್ಯಾದೆಗೆ ಅವಳ ಕಣ್ಣು ತುಂಬಿತು. ಅವ್ವ ತಂದುಕೊಟ್ಟ ಸೀರೆಯ ಸೆರಗಿನಲ್ಲಿ ಸಾಲುಗಟ್ಟಿದ್ದ ಕೋತಿಗಳನ್ನು ನೋಡಿ ಸೀರೆಯನ್ನು ಎದೆಗೊತ್ತಿಕೊಂಡಳು. "ಹತ್ತು ಸೀರೆಯ ಕೆಲಸ ನಿಮಗೇ ಕೊಡಬೇಕೆಂದಿದ್ದೆ. ಈ ಕೋತಿಯ ಮೂಲಕ ಮುತ್ತಜ್ಜನನ್ನೂ ಒಂದು ಮಾತು ಕೇಳೋಣ."

ಫ್ಯಾನು ತಿರುಗುತ್ತಲೇ ಇತ್ತು. ರುದ್ರ ಎದೆ ಸೆಟೆಸಿದ. "ಧೈರ್ಯವಾಗಿ ಕೇಳ್ರಿ ಮೇಡಂ!"

"ಪಾಪ, ಅಷ್ಟು ದೂರದಿಂದ ಬಂದೈತೆ ಮಗು, ದೇವರ ಮಕ ಕಾಣ್ಲಿ," ಅಂತ ಓಬಕ್ಕ ಕೋತಿಯನ್ನು ಬೀದಿಬಾಗಿಲ ಕಡೆಗೆ ತಿರುಗಿಸಿ ಕೂರಿಸಿ, ನೆತ್ತಿಗೆ ಹೊಸ ಹೂ ಇಟ್ಟಳು.

ದೇವರು ತಿರುಗಿದ್ದ, ಫ್ಯಾನು ಇದ್ದಲ್ಲೇ ಇತ್ತು, ಈಗ ದೇವರ ಬಲಕ್ಕೆ. ರುದ್ರನಿಗೆ ಅದು ಹೊಳೆಯುವ ಮೊದಲೇ ಹೂ ಎಡಕ್ಕೆ ಹಾರಿತ್ತು.

"ಕ್ಷಮಿಸಿ. ಹಿರಿಯರ ಮಾತು ಮೀರಲಾರೆ," ಅಂತ ಕಿಮಿಕೊ ತಲೆಬಾಗಿದಳು.

ಎದುರುಮನೆ ಗೋಪಿ ಎದ್ದ. "ಮೇಡಂ, ನಾನೂ ಸೀರೆ ನೇಯ್ತೀನಿ. ನಂಗೆ ಕೊಡ್ಲಾ ಅಂತ ಒಂದ್ಸಲ ಕೇಳಿ ನೋಡ್ರಿ."

ಅಂದವನೇ ಫ್ಯಾನನ್ನು ಮೆಲ್ಲಗೆ ಎತ್ತಿ ದೇವರ ಎಡಕ್ಕಿಟ್ಟ.

"ದೇವರಿಗೆ ಸೆಕೆ ಐತೆ."