ಎರಡೂ ಕಡೆ ಅಂಟು

ತರೀಕೆರೆಯ ನಮ್ಮ ಗಿರಿಜಕ್ಕ ಅಮ್ಮನ ನೀಲಿ ಸೀರೆಯನ್ನು ನನ್ನ ಕೈಗಿಟ್ಟಾಗ, ಅದರಿಂದ ಒಂದು ಪುಟ್ಟ ಕೌದಿ ಮಾಡುವುದು ನೀರು ಕುಡಿದಷ್ಟು ಸುಲಭ ಎಂದೇ ನಾನು ನಂಬಿದ್ದೆ.

ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಸಿಂಗಟಗೆರೆಯ ತವರುಮನೆಯಿಂದ ಅವಳ ನೆನಪಿಗೆಂದು ಉಳಿದಿದ್ದು ಆ ಒಂದು ಸೀರೆ. ತನ್ನ ಮೊಮ್ಮಗಳ ನಾಮಕರಣದ ದಿನ ಮಗುವನ್ನು ಅದರ ಮೇಲೆ ಮಲಗಿಸಬೇಕು ಎಂದು ಅಕ್ಕನ ಆಸೆ.

"ಜೋಪಾನ ಕಣೇ ಸುಮಾ. ಅಮ್ಮಂದು ಅಂತ ಇರೋದು ಇದೊಂದೇ," ಅಂದಳು.

"ನಂಗೆ ಬಿಡಕ್ಕಾ!" ಅಂದೆ.

ಬಿಟ್ಟಳು. ಅದು ಅವಳ ತಪ್ಪು.

ಕಡೂರಿನಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಗೆ ಹೋದೆ. ಕೌದಿಯ ನಡುವೆ ಇಡಲು ಹೊಸದೊಂದು ಹಾಳೆ ಬಂದಿತ್ತು. ಹತ್ತಿಯಂತೆ ಮೆತ್ತಗೆ. ಮೈಗೆಲ್ಲ ಅಂಟಿನ ಸಣ್ಣ ಚುಕ್ಕಿಗಳು. ಇಸ್ತ್ರಿ ಒತ್ತಿದರೆ ಬಟ್ಟೆಗೆ ತಾನೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಬ್ಯಾಟಿಂಗ್ ಅನ್ನುತ್ತಾರಂತೆ. ಹೆಸರು ಕೇಳಿ, ಅಂಗಡಿ ತಪ್ಪಿ ಬಂದೆನೇನೋ ಅಂದುಕೊಂಡೆ.

"ಅಂಟು ಒಂದು ಕಡೆ ಇರೋದು ಬೇಕಾ, ಎರಡೂ ಕಡೆ ಇರೋದಾ?" ಅಂಗಡಿಯವನು ಕೇಳಿದ. "ಹೊಸಬರಾದ್ರೆ ಒಂದು ಕಡೇದು ತಗಳಿ. ಮೊದ್ಲು ಯಾವ್ದಾದ್ರೂ ಚಿಂದಿ ಮೇಲೆ ಒತ್ತಿ ನೋಡಿ ಅಕ್ಕಾ."

"ನಾನು ಹೊಸಬಳ ಥರ ಕಾಣ್ತೀನೇನಪ್ಪಾ? ಎರಡೂ ಕಡೇದೇ ಕೊಡು!"

ನಾಮಕರಣದ ಹಿಂದಿನ ಮಧ್ಯಾಹ್ನ ಕೆಲಸಕ್ಕೆ ಕೂತೆ. ಸೀರೆಯಿಂದ ಎರಡು ತುಂಡು ಕತ್ತರಿಸಿದೆ. ಒಂದು ಮೇಲಕ್ಕೆ, ಇನ್ನೊಂದು ಅಡಿಗೆ. ಅಡಿಯದನ್ನು ಆಮೇಲೆ ಅಂಟಿಸಿದರಾಯಿತು ಎಂದು ಪಕ್ಕಕ್ಕಿಟ್ಟೆ. ಮೇಜು ಕೊಳೆಯಾಗಿತ್ತು. ಅಲ್ಮೇರಾದಿಂದ ಯಾವುದೋ ಬಿಳಿ ಬಟ್ಟೆ ತಂದು ಹಾಸಿ, ಅದರ ಮೇಲೆ ಹಾಳೆ ಇಟ್ಟು, ಹಾಳೆಯ ಮೇಲೆ ಅಮ್ಮನ ಸೀರೆ ಹರಡಿದೆ.

ಇಸ್ತ್ರಿಯ ಬಿಸಿ ತಾಗಿದ್ದೇ ತಡ, ಸೀರೆಯಿಂದ ಅಮ್ಮನ ವಾಸನೆ ಎದ್ದಿತು. ಕರ್ಪೂರ, ಸೌದೆ ಒಲೆಯ ಹೊಗೆ, ಸೀಗೆಪುಡಿ. ಕಿಟಕಿಯ ಬಿಸಿಲು ಮಂಜುಮಂಜಾಯಿತು. ಹಿತ್ತಲಿನಲ್ಲಿ ಅಮ್ಮ ಸೀರೆ ಒಣಹಾಕಿದ್ದಾಳೆ, ಅಕ್ಕನೂ ನಾನೂ ಅದರ ಕೆಳಗೆ ಓಡುತ್ತಿದ್ದೇವೆ, ತಲೆಯ ಮೇಲೆ ಆಕಾಶವೇ ಒದ್ದೆಯಾಗಿ ತೂಗುತ್ತಿದೆ! ಇಸ್ತ್ರಿಯನ್ನು ಒತ್ತಿ ಎತ್ತಬೇಕು, ಎಳೆಯಬಾರದು. ನಾನು ಕೆರೆಯಲ್ಲಿ ತೆಪ್ಪ ಬಿಟ್ಟಂತೆ ತೇಲಿಸಿದೆ. ಅತ್ತಿಂದಿತ್ತ, ಇತ್ತಿಂದತ್ತ.

"ಸುಮಾ, ನನ್ನ ಜರಿ ಪಂಚೆ ಎಲ್ಲೇ? ನಾಳೆಗೆ ಅಂತ ತೆಗೆದಿಟ್ಟಿದ್ನಲ್ಲ?"

ನನ್ನ ಗಂಡನ ದನಿ. ಕೆಳಗೆ ನೋಡಿದೆ. ಆಕಾಶದ ಮೈ ತುಂಬ ಸುಕ್ಕು. ಅದರಡಿಯಿಂದ ಜರಿ ಇಣುಕುತ್ತಿತ್ತು.

"ಇಲ್ಲೇ ಇದೆ ಕಣ್ರೀ," ಅಂದೆ ಮೆಲ್ಲಗೆ. "ಸ್ವಲ್ಪ ಅಂಟ್ಕೊಂಡಿದೆ."

ಅವರು ಪಂಚೆ ಹಿಡಿದರು, ನಾನು ಸೀರೆ ಹಿಡಿದೆ. ಎಳೆದೆವು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ನಾವಿಬ್ಬರೂ ಇಷ್ಟು ಒಮ್ಮನಸ್ಸಿನಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಸೀರೆಯ ಅಂಚು ಪರ್ರ್ ಎಂದಿತು. ಇಬ್ಬರೂ ಬೆಚ್ಚಿ ಕೈಬಿಟ್ಟೆವು. ನನಗೆ ಅಳುವೇ ಬಂತು.

ಅವರು ನನ್ನ ಮುಖ ನೋಡಿದರು. "ಹೋಗ್ಲಿ ಬಿಡು. ನಾನು ಪ್ಯಾಂಟ್ ಹಾಕ್ಕೊಂಡು ಬತ್ತೀನಿ."

ಹೀಗೆ, ಸದರಿ ಪಂಚೆಯನ್ನು ಕೌದಿಯ ಅಡಿಬದಿಯೆಂದು ಸರ್ವಾನುಮತದಿಂದ ಘೋಷಿಸಲಾಯಿತು!

ಮರುದಿನ ತರೀಕೆರೆಯಲ್ಲಿ ಅಕ್ಕ ಕೌದಿ ಬಿಡಿಸಿದಳು. ಸುಕ್ಕುಗಳ ಮೇಲೆ ಕೈಯಾಡಿಸಿದಳು. ತಿರುಗಿಸಿದಳು. ಜರಿ ನೋಡಿದಳು. ಪ್ಯಾಂಟಿನಲ್ಲಿ ನಿಂತಿದ್ದ ನನ್ನ ಗಂಡನನ್ನು ನೋಡಿದಳು.

"ಲೇ ಸುಮಾ, ಅಳಿಯ ಮನೆಗೆ ಬಂದ್ರೆ ಬಾಗಿಲ ಹಿಂದೆ ನಿಂತು ಮಾತಾಡೋಳು ಕಣೇ ಅಮ್ಮ. ಅವಳ ಸೀರೆಗೆ ಅಳಿಯನ ಪಂಚೆ ಅಂಟಿಸಿದೀಯಲ್ಲೇ!"

ಅಂದವಳೇ ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಬಂದ ಕಣ್ಣೀರು ನಗುವಿನದಲ್ಲ ಎಂದು ನನಗೂ ಗೊತ್ತಾಯಿತು. ಸೀರೆಗೆ ಕೆನ್ನೆಯೊತ್ತಿ, "ವಾಸನೆ ಹಂಗೇ ಇದೆ," ಅಂದಳು. ಮಗುವನ್ನು ಅದರ ಮೇಲೆಯೇ ಮಲಗಿಸಿದರು.

ಅಕ್ಕ ಕ್ಷಮಿಸಿದಳು, ಕೌದಿಯೂ ಒಪ್ಪಿಗೆಯಾಯಿತು ಎಂದು ನಾನು ಒಂದು ವಾರ ಬೀಗಿದೆ. ಎದುರುಮನೆಯವರಿಗೆ ಕೌದಿ ಕಲಿಸುತ್ತೇನೆ ಎಂದೂ ಹೇಳಿಬಿಟ್ಟೆ. ಆಮೇಲೆ ಅಕ್ಕನ ಫೋನ್ ಬಂತು.

"ಸುಮಾ, ಮಗು ಒದ್ದೆ ಮಾಡ್ತು ಅಂತ ಒಂದ್ಸಲ ಒಗೆದೆ ಕಣೇ. ಸೀರೆ ಬೇರೆ, ಹಾಳೆ ಬೇರೆ, ಪಂಚೆ ಬೇರೆ ಆಗ್ಹೋಯ್ತು!"

"ಅಯ್ಯೋ! ಅಷ್ಟು ಎಳೆದ್ರೂ ಬರ್ಲಿಲ್ವಲ್ಲಕ್ಕಾ?"

"ಅಂಟು ಇರೋದು ಹೊಲಿಯೋ ತನಕ ಬಟ್ಟೆ ಜರುಗದಂಗೆ ಹಿಡ್ಕೊಳಕ್ಕೆ ಅಂತೆ. ನಮ್ಮ ಟೈಲರ್ ಹೇಳಿದ. ಲೇ, ನೀನು ಇದಕ್ಕೆ ಹೊಲಿಗೆ ಎಲ್ಲಿ ಹಾಕಿದ್ದೆ?"

ನಾನು ಯೋಚಿಸಿದೆ. ಬಹಳ ಪ್ರಾಮಾಣಿಕವಾಗಿ ಯೋಚಿಸಿದೆ.

"ಹೊಲಿಗೆನಾ?" ಅಂದೆ.

ಈಗ ಅಕ್ಕ ಆ ಸೀರೆಯ ತುಂಡನ್ನು ಬರಿದಾಗಿಯೇ ಮಗುವಿಗೆ ಹೊದಿಸುತ್ತಾಳೆ. ಮಗು ಸೊಗಸಾಗಿ ನಿದ್ದೆ ಮಾಡುತ್ತದಂತೆ. ಒಟ್ಟಾರೆ ಅಮ್ಮನ ಸೀರೆಗೆ ನಾನು ಸಲ್ಲಿಸಿದ ಸೇವೆಯೆಂದರೆ ಒಂದು ಸಲ ಇಸ್ತ್ರಿ ಮಾಡಿದ್ದು.

ಅದೂ ಸುಕ್ಕುಸುಕ್ಕಾಗಿ!