ಆಂಬುಲೆನ್ಸಿಗೆ ನಾನು ಹಾಕಿದ ದಂಡ

ಇಂದ:
ರೇಯೊ ಕಾಂಗಸ್,
ಬೈಲಾ ಜಾರಿ ಅಧಿಕಾರಿ (ಹತ್ತೊಂಬತ್ತು ವರ್ಷದ ಸೇವೆ),
ಸದ್ಯ ಆಂಬುಲೆನ್ಸ್ ಶೆಡ್ಡಿನಲ್ಲಿ ಬ್ಯಾಂಡೇಜ್ ಎಣಿಸುವ ಕೆಲಸದ ಮೇಲೆ,
ಆಲ್ಡರ್ ನ್ಯಾರೋಸ್ ಪುರಸಭೆ, ಉತ್ತರ ಒಂಟಾರಿಯೊ.

ಗೆ:
ಮಾನ್ಯ ಅಧ್ಯಕ್ಷರು,
ಆಂಬುಲೆನ್ಸ್ ಮತ್ತು ಬೈಲಾ ಜಾರಿ ಸೇವೆಗಳ ಜಂಟಿ ಮೇಲುಸ್ತುವಾರಿ ಸಮಿತಿ,
ಪುರಸಭಾ ಕಚೇರಿ, ಐಸ್-ಹಾಕಿ ಆಟದ ಅಂಗಳದ ಮೇಲ್ಮಹಡಿ.

ದಿನಾಂಕ: ಏಪ್ರಿಲ್ 14

ವಿಷಯ: ದಂಡದ ಚೀಟಿ ಸಂಖ್ಯೆ 0417 ಅನ್ನು ರದ್ದುಪಡಿಸಿ, ಶ್ರೀ ಮಾರ್ಸೆಲ್ ತೆಸ್ಯೇ ಅವರನ್ನು ಬೈಲಾ ಮೇಜಿನಿಂದ ಬಿಡಿಸಿ ಆಂಬುಲೆನ್ಸಿಗೆ ಮರಳಿಸುವ ಬಗ್ಗೆ.

ಉಲ್ಲೇಖ: 1) ವಾಹನ ನಿಲುಗಡೆ ಬೈಲಾ, ಕಲಂ 9. 2) ಇದೇ ವಿಷಯವಾಗಿ ನಾನು ಸಲ್ಲಿಸಿದ ಮೂರು ಅರ್ಜಿಗಳು. 3) ಮೂರಕ್ಕೂ ಬಂದ ಒಂದೇ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಎರಡು ವರ್ಷದ ಹಿಂದಿನವರೆಗೆ ಈ ಊರಿನಲ್ಲಿ ಆಂಬುಲೆನ್ಸಿನವರು ಒಂದು ಕಡೆ, ಬೈಲಾದವನಾದ, ಅಂದರೆ ಪುರಸಭೆಯ ಉಪನಿಯಮ ಮುರಿದವರಿಗೆ ದಂಡ ಹಾಕುವ ನಾನು ಒಂದು ಕಡೆ ಇದ್ದೆವು. ಅವರನ್ನು ಕಂಡರೆ ಜನ ಕೈಬೀಸುತ್ತಿದ್ದರು, ನನ್ನನ್ನು ಕಂಡರೆ ಪರದೆ ಎಳೆಯುತ್ತಿದ್ದರು. ಇಬ್ಬರೂ ಸಮವಸ್ತ್ರ ತೊಟ್ಟು ಜನರ ಮನೆ ಬಾಗಿಲಿಗೆ ಹೋಗುವವರೇ ಆದಕಾರಣ ಎರಡೂ ಸೇವೆಗಳನ್ನು ಒಂದೇ ಸಮಿತಿಯ ಕೆಳಗೆ ತರುವುದು ಸೂಕ್ತವೆಂದು ಪುರಸಭೆ ಠರಾವು ಮಾಡಿತು. ವ್ಯವಸ್ಥಾಪಕರಾಗಿ ಶ್ರೀ ಗಾರ್ನೆಟ್ ಹಿಸ್ಲಾಪ್ ಬಂದರು. ಬಂದ ವಾರವೇ ಅವರು ಹೊರಡಿಸಿದ ಸುತ್ತೋಲೆಯ ಪ್ರಕಾರ, ದಂಡ ಹಾಕುವಾಗ ಪುರಸಭೆಯ ವಾಹನ, ಖಾಸಗಿ ವಾಹನ ಎಂಬ ಭೇದ ಮಾಡತಕ್ಕದ್ದಲ್ಲ. ಒಂದೇ ವರ್ಷದಲ್ಲಿ ಮೂರು ಚೀಟಿ ಬಿದ್ದ ಪುರಸಭಾ ಚಾಲಕನನ್ನು ಗಾಡಿಯಿಂದ ಇಳಿಸತಕ್ಕದ್ದು. ಹಿಮ ತಳ್ಳುವ ಗಾಡಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೆಂದು ಕಾಣುತ್ತದೆ. ಆಂಬುಲೆನ್ಸನ್ನು ಹೊರಗಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಕಾರಣ ನಾನು ಸುತ್ತೋಲೆಗಳನ್ನು ಪಾಲಿಸುವವನೇ ಹೊರತು ಅವುಗಳ ಬಗ್ಗೆ ಯೋಚಿಸುವವನಲ್ಲ. ಈ ಒಂದು ವರ್ಷದೊಳಗೆ ಆಂಬುಲೆನ್ಸ್ ಚಾಲಕ ಮಾರ್ಸೆಲ್‌ಗೆ ಬಿದ್ದ ಮೊದಲೆರಡು ಚೀಟಿಗಳೂ ನನ್ನವೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

2. ಫೆಬ್ರವರಿ 11ರ ಮಂಗಳವಾರ ಬೆಳಗ್ಗೆ, ಸ್ಪ್ರೂಸ್ ಬೀದಿಯ ಶ್ರೀಮತಿ ವರ್ನಾ ಟಟ್ಲ್ ಎದೆ ಬಿಗಿಯುತ್ತಿದೆಯೆಂದು ತುರ್ತು ಕರೆ ಮಾಡಿದರು. ಇವರಿಗೆ ಎಂಬತ್ತನಾಲ್ಕು ವಯಸ್ಸು. ಮೂವತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಮಾರ್ಸೆಲ್ ಮತ್ತು ಅವರ ಜೊತೆಗಾರ್ತಿ ರೋಂಡಾ ಕ್ವಾಂಡಿಬೆನ್ಸ್ ಆರು ನಿಮಿಷದಲ್ಲಿ ತಲುಪಿದರು. ಬೀದಿಯ ಎರಡೂ ಬದಿ ಆಳೆತ್ತರ ಹಿಮ ಬಿದ್ದಿದ್ದು, ಯಾವ ವಾಹನವನ್ನೂ ನಿಲ್ಲಿಸಬಾರದ ಅಗ್ನಿಶಾಮಕ ಕೊಳಾಯಿಯ ಮುಂದೆ ಮಾತ್ರ ಜಾಗ ತೆರವಾಗಿದ್ದ ಕಾರಣ ಗಾಡಿಯನ್ನು ಅಲ್ಲಿ ನಿಲ್ಲಿಸಿದರು. ಎದೆಗೆ ವೈರುಗಳನ್ನು ಅಂಟಿಸುತ್ತಿದ್ದಾಗ ಶ್ರೀಮತಿ ಟಟ್ಲ್ ಕಿಟಕಿಯಾಚೆ ನೋಡಿ, ಪಕ್ಕದಲ್ಲಿದ್ದ ಫೋನೆತ್ತಿ ನನಗೆ ದೂರು ಕೊಟ್ಟರು.

3. ದೂರು ಬಂದಮೇಲೆ ಹೋಗಲೇಬೇಕು. ಹೋದೆ. ಗಾಡಿಯ ನಂಬರು ಬರೆದುಕೊಳ್ಳುತ್ತಿದ್ದಂತೆ ಮಾರ್ಸೆಲ್ ಬಾಗಿಲಿಗೆ ಬಂದರು. ನಡೆದ ಮಾತುಕತೆಯನ್ನು ದಾಖಲೆಗಾಗಿ ಯಥಾವತ್ತಾಗಿ ಕೊಡುತ್ತಿದ್ದೇನೆ.

"ರೇಯೊ, ತಲೆ ಸರಿ ಇದ್ಯೇನೋ ನಿಂಗೆ? ಒಳಗೆ ಪೇಶಂಟ್ ಇದಾರೆ."

"ಪೇಶಂಟೇ ದೂರು ಕೊಟ್ಟಿರೋದು."

ಮಾರ್ಸೆಲ್ ಒಳಗೆ ತಿರುಗಿ, "ಮಿಸೆಸ್ ಟಟ್ಲ್, ನೀವೇನಾ ಫೋನ್ ಮಾಡಿದ್ದು?" ಎಂದರು.

"ಹೌದಪ್ಪ," ಎಂದು ಒಳಗಿನಿಂದ ಉತ್ತರ ಬಂತು. "ನನ್ನ ಎದೆನೋವು ಬೇರೆ, ಕೊಳಾಯಿ ಬೇರೆ."

"ಇದು ಮೂರನೇದು ಕಣೋ," ಎಂದರು ಮಾರ್ಸೆಲ್ ನನಗೆ. "ನನ್ನನ್ನ ಇಳಿಸಿಬಿಡ್ತಾರೆ."

"ಗಾಡಿ ಮುಂದಕ್ಕೆ ತಗೋ. ಚೀಟಿ ಹರಿದು ಹಾಕ್ತೀನಿ."

"ಎಲ್ಲಿಗೆ ತಗೊಳ್ಳಲಿ, ಹಿಮದ ಮೇಲಕ್ಕಾ?"

"ಹಾಗಾದ್ರೆ ಬರೀತೀನಿ," ಎಂದೆ.

ಆಗ ನನ್ನ ಎಡಗೈ ಭಾರವಾಯಿತು. ಚಳಿಗಿರಬೇಕೆಂದು ಭಾವಿಸಿ ನಂಬರಿನ ನಾಲ್ಕನೆಯ ಅಂಕಿ ಬರೆದೆ. ಐದನೆಯದು ಏನಿತ್ತೆಂಬುದು ನನಗೆ ಇಂದಿಗೂ ನೆನಪಿಲ್ಲ.

4. ಮುಂದಿನದನ್ನು ಇತರರಿಂದ ಕೇಳಿ ಬರೆಯುತ್ತಿದ್ದೇನೆ. ನಾನು ಹಿಮದ ರಾಶಿಗೆ ಮುಖ ಅಡಿಯಾಗಿ ಬಿದ್ದೆನಂತೆ. ಶ್ರೀಮತಿ ಟಟ್ಲ್ ತಮ್ಮ ಎದೆಯ ವೈರುಗಳನ್ನು ತಾವೇ ಕಿತ್ತು, "ನಂದು ಬರೀ ವಾಯು ಇರಬೇಕು, ಹೋಗಿ ಅವನನ್ನ ನೋಡ್ರಪ್ಪ," ಎಂದು ಇಬ್ಬರನ್ನೂ ಹೊರಗಟ್ಟಿದರಂತೆ. ರೋಂಡಾ ನನ್ನ ಕೋಟು ಕತ್ತರಿಸಿದರು. ಮಾರ್ಸೆಲ್ ಎದೆ ಒತ್ತಿದರು, ಎರಡು ಸಲ ಶಾಕ್ ಕೊಟ್ಟರು. ನನ್ನ ಎರಡು ಪಕ್ಕೆಲುಬು ಮುರಿದವು. ಅದರ ಬಗ್ಗೆ ತಕರಾರಿಲ್ಲ. ಇದರಿಂದ ಸದರಿ ಆಂಬುಲೆನ್ಸ್ ಕೊಳಾಯಿಯ ಮುಂದೆ ಇನ್ನೂ ಇಪ್ಪತ್ತೆರಡು ನಿಮಿಷ ನಿಂತಿತು.

ಈ ಮಧ್ಯೆ ಶ್ರೀಮತಿ ಟಟ್ಲ್ ಶಾಲು ಹೊದ್ದು ಹೊರಬಂದು, ಹಿಮದಲ್ಲಿ ಬಿದ್ದಿದ್ದ ನನ್ನ ಚೀಟಿ ಪುಸ್ತಕ ಎತ್ತಿಕೊಂಡು, ಉಳಿದ ಅಂಕಿಗಳನ್ನೂ ಸಮಯವನ್ನೂ ದುಂಡಗೆ ತುಂಬಿ, ಚೀಟಿಯನ್ನು ಗಾಡಿಯ ಮುಂಗಾಜಿಗೆ ಸಿಕ್ಕಿಸಿದರು. ಆಮೇಲೆ ಆಸ್ಪತ್ರೆಗೆ ನನ್ನನ್ನು ನೋಡಲು ಬಂದಾಗ ಅವರೇ ಹೇಳಿದರು: "ಅರ್ಧಕ್ಕೆ ಬಿಟ್ಟಿದ್ಯಲ್ಲಪ್ಪ, ಪಾಪ ಅಂತ ನಾನೇ ಮುಗಿಸ್ದೆ."

ಸಹಿಯಿಲ್ಲದ ಚೀಟಿ ಊರ್ಜಿತವಲ್ಲ. ಆದರೆ ಚಳಿಗಾಲದಲ್ಲಿ ಬೆರಳು ಮರಗಟ್ಟುವ ಕಾರಣ ನಾನು ಬೆಳಗಿನ ಕಾಫಿಯ ಜೊತೆಗೇ ಇಡೀ ಪುಸ್ತಕಕ್ಕೆ ಸಹಿ ಹಾಕಿಟ್ಟುಕೊಳ್ಳುತ್ತಿದ್ದೆ. ಇದು ನಿಯಮಬಾಹಿರ. ಇದಕ್ಕೆ ಪ್ರತ್ಯೇಕ ಶಿಕ್ಷೆ ಅನುಭವಿಸಲು ಸಿದ್ಧನಿದ್ದೇನೆ.

5. ಐದು ವಾರದ ನಂತರ ಕಚೇರಿಗೆ ಮರಳಿದವನೇ ಚೀಟಿ ರದ್ದು ಮಾಡಲು ಹೋದೆ. ಶ್ರೀ ಹಿಸ್ಲಾಪ್ ಒಳ್ಳೆಯವರು, ಕುರ್ಚಿ ಕೊಟ್ಟರು. ನಂತರ ನಮೂನೆ ತೆಗೆದರು.

"ಚೀಟಿ ಹಾಕಿದವರೇ ರದ್ದು ಮಾಡಬಹುದು, ತೊಂದರೆ ಇಲ್ಲ. ಆದ್ರೆ ಆರೋಪಿಯಿಂದ ನಿಮಗೇನೂ ಲಾಭ ಆಗಿರಬಾರದು. ಆಗಿದ್ಯಾ, ಕಾಂಗಸ್?"

"ಜೀವ ಉಳೀತು, ಸರ್."

ಅವರು ಪೆನ್ನು ಕೆಳಗಿಟ್ಟರು. "ಒಂದು ಕಾಫಿ ಕೊಡಿಸಿದ್ರೆ ನಡೆಯುತ್ತೆ ಅಂತ ನಿಯಮದಲ್ಲೇ ಇದೆ. ಇದು ಕಾಫಿಗಿಂತ ದೊಡ್ಡದಾ, ಚಿಕ್ಕದಾ?"

"ಸ್ವಲ್ಪ ದೊಡ್ಡದೇ ಇರಬೇಕು, ಸರ್."

"ಛೆ, ಅದೇ ನೋಡಿ ಕಷ್ಟ. ನೀವೇನಾದ್ರೂ ತೀರಿಕೊಂಡಿದ್ರೆ ಅಧಿಕಾರಿ ಅಲಭ್ಯ ಅಂತ ಬರೆದು ಆವತ್ತೇ ವಜಾ ಮಾಡ್ತಿದ್ದೆ."

ಅವರು ಇದನ್ನು ಬೇಸರದಿಂದಲೇ ಹೇಳಿದರು. ನನ್ನ ಮೂರು ಅರ್ಜಿಗಳಿಗೂ ಇದೇ ಉತ್ತರ ಲಿಖಿತವಾಗಿ ಬಂದಿದೆ.

6. ಅಷ್ಟರಲ್ಲಾಗಲೇ ಮಾರ್ಸೆಲ್‌ರನ್ನು ಗಾಡಿಯಿಂದ ಇಳಿಸಿ, ಎರಡೂ ಸೇವೆಗಳು ಒಂದೇ ಸಮಿತಿಯ ಕೆಳಗಿರುವ ಕಾರಣ, ಖಾಲಿಯಿದ್ದ ನನ್ನ ಬೈಲಾ ಮೇಜಿಗೆ ಹಾಕಿದ್ದರು. ಹಗುರ ಕೆಲಸ ಕೊಡಿರೆಂದು ವೈದ್ಯರು ಬರೆದಿದ್ದ ಕಾರಣ ನನ್ನನ್ನು ಆಂಬುಲೆನ್ಸ್ ಶೆಡ್ಡಿಗೆ ಹಾಕಿದರು. ಮಾರ್ಸೆಲ್ ಈವರೆಗೆ ಒಂದು ಚೀಟಿಯನ್ನೂ ಬರೆದಿಲ್ಲ. ತಪ್ಪಾಗಿ ನಿಲ್ಲಿಸಿದವರ ರಕ್ತದೊತ್ತಡ ನೋಡಿ ಕಳಿಸುತ್ತಾರೆ. ಊರಿನ ಜನ ಈಗ ಬೇಕೆಂದೇ ತಪ್ಪಾಗಿ ನಿಲ್ಲಿಸುತ್ತಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಈ ನಾಲ್ಕನೆಯ ಅರ್ಜಿ ಬರೆಯುತ್ತಿರಲಿಲ್ಲ. ಮಾರ್ಚ್ 27ರ ಮಧ್ಯಾಹ್ನ ಶ್ರೀಮತಿ ಟಟ್ಲ್ ಮತ್ತೆ ಕರೆ ಮಾಡಿದರು. ಈ ಸಲ ವಾಯು ಅಲ್ಲ. ಊರಿನ ಒಂದು ಆಂಬುಲೆನ್ಸ್ ದೂರದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ದಿತ್ತು. ಇನ್ನೊಂದು ನನ್ನ ಕಣ್ಣೆದುರಿಗೇ ಶೆಡ್ಡಿನಲ್ಲಿತ್ತು. ರೋಂಡಾ ಬೀಗದ ಕೈ ಹಿಡಿದು ನಿಂತಿದ್ದರು. ತರಬೇತಾದ ಇಬ್ಬರಿಲ್ಲದೆ ಗಾಡಿ ಹೊರಡುವಂತಿಲ್ಲ, ಮಾರ್ಸೆಲ್ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ.

"ಗಾಡಿ ಇದೆ, ಎಣ್ಣೆ ಇದೆ, ನಾನಿದೀನಿ," ಎಂದರು. "ಒಬ್ಬ ಮನುಷ್ಯ ಇಲ್ಲ." ಹಾಗೆಂದು ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.

ಎಪ್ಪತ್ತು ಕಿಲೋಮೀಟರ್ ಆಚೆಯ ಊರಿನಿಂದ ಗಾಡಿ ಬರಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮಾರ್ಸೆಲ್, ಆಕೆಯ ಮನೆಮುಂದಿನ ಕಾಲುದಾರಿಯ ಹಿಮ ತೆಗೆದಿಲ್ಲವೆಂಬ ನೆಪ ಬರೆದಿಟ್ಟು ಹೋಗಿ, ಆಕೆಯ ಪಕ್ಕದಲ್ಲಿ ಕೈ ಹಿಡಿದು ಕೂತಿದ್ದರು. ಔಷಧ ಕೊಡುವ ಅಧಿಕಾರ ಬೈಲಾ ಅಧಿಕಾರಿಗೆ ಇಲ್ಲ. ಐದೈದು ನಿಮಿಷಕ್ಕೊಮ್ಮೆ ನಾಡಿ ಎಣಿಸಿ ದಂಡದ ಚೀಟಿಗಳ ಬೆನ್ನಿಗೆ ಬರೆದರು. ಹದಿನಾಲ್ಕು ಚೀಟಿ. ಆಕೆ ಬದುಕಿದರು. ಆದರೆ ಈಗ ಮೆಟ್ಟಿಲು ಹತ್ತಲಾರರು.

ಕಳೆದ ವಾರ ಅವರೇ ಗಾಲಿಕುರ್ಚಿಯಲ್ಲಿ ದೂರು ಹಿಂಪಡೆಯಲು ಶೆಡ್ಡಿಗೆ, ನನ್ನ ಬಳಿ ಬಂದರು. ನಮೂನೆಯಲ್ಲಿ 'ನನ್ನ ದೂರು ಸುಳ್ಳು' ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕಿತ್ತು.

"ಸುಳ್ಳಲ್ವಲ್ಲಪ್ಪ," ಎಂದರು. "ಮಾರ್ಸೆಲ್ ಚಿನ್ನದಂಥವನು. ಆದ್ರೆ ಗಾಡಿ ಅಲ್ಲಿ ನಿಂತಿತ್ತು ತಾನೇ?"

ಸಹಿ ಹಾಕದೆ ಹೋದರು. ಆ ಜಾಗದಲ್ಲಿ ನಾನಿದ್ದರೂ ಹಾಕುತ್ತಿರಲಿಲ್ಲವೆಂದು ಭಯವಾಗುತ್ತದೆ.

7. ಮೊನ್ನೆ ಶುಕ್ರವಾರ ಶೆಡ್ಡಿನಲ್ಲಿ ಹಳೆಯ ಕಾಗದ ಜೋಡಿಸುವಾಗ, ಶಾಕ್ ಯಂತ್ರದಿಂದ ಹೊರಬಂದ ಫೆಬ್ರವರಿ 11ರ ಉದ್ದ ಪಟ್ಟಿಯೊಂದು ಸಿಕ್ಕಿತು. ಮೇಲೆ ನನ್ನ ಹೆಸರಿತ್ತು. 10:52ರಿಂದ 10:56ರವರೆಗೆ ಗೆರೆ ಮೇಲೂ ಕೆಳಗೂ ನಡುಗುತ್ತದೆ ಅಷ್ಟೆ, ಬಡಿತವಿಲ್ಲ. ಶ್ರೀಮತಿ ಟಟ್ಲ್ ಅಡುಗೆಮನೆಯ ಗಡಿಯಾರ ನೋಡಿ ಚೀಟಿಯಲ್ಲಿ ತುಂಬಿದ ಸಮಯ 10:54. ಕಲಂ 9ರ ಪ್ರಕಾರ, ಚೀಟಿಯಲ್ಲಿ ನಮೂದಾದ ಸಮಯದಲ್ಲಿ ಅಧಿಕಾರಿಯು ಕರ್ತವ್ಯಕ್ಕೆ ಹಾಜರಿರತಕ್ಕದ್ದು. ಪಟ್ಟಿಯನ್ನು ರೋಂಡಾಗೆ ತೋರಿಸಿದೆ.

"ನೀನು ಹಾಜರಿದ್ಯಾ?" ಎಂದು ಕೇಳಿದರು.

"ಇದ್ದ ಹಾಗೆ ಕಾಣಲ್ಲ," ಎಂದೆ.

ಪಟ್ಟಿಯನ್ನು ಇಬ್ಬರೂ ಸೇರಿ ಮಡಚಿದೆವು. ನನ್ನ ಜೀವ ಉಳಿಸಿದ್ದಕ್ಕೆ ನಾನು ಅವರಿಗೆ ಅದುವರೆಗೆ ಒಂದು ಮಾತೂ ಹೇಳಿರಲಿಲ್ಲ. ಆಗ ಹೇಳಿದೆ. ಏನು ಹೇಳಿದೆನೆಂಬುದು ಈ ಅರ್ಜಿಗೆ ಅಗತ್ಯವಿಲ್ಲ.

ಆದ್ದರಿಂದ ಮಾನ್ಯರು, ಫೆಬ್ರವರಿ 11ರಂದು ಬೆಳಗ್ಗೆ 10:52ರಿಂದ 10:56ರವರೆಗೆ ನಾನು ಮೃತನಾಗಿದ್ದೆನೆಂದು ದೃಢೀಕರಣ ಪತ್ರ ನೀಡಿ, ಮೃತ ಅಧಿಕಾರಿಯ ಚೀಟಿ ಊರ್ಜಿತವಲ್ಲದ ಕಾರಣ ಸಂಖ್ಯೆ 0417 ಅನ್ನು ವಜಾ ಮಾಡಿ, ಮಾರ್ಸೆಲ್ ತೆಸ್ಯೇ ಅವರನ್ನು ಈ ವಾರವೇ ಆಂಬುಲೆನ್ಸಿಗೆ ಮರಳಿಸಬೇಕಾಗಿ ಪ್ರಾರ್ಥಿಸುತ್ತೇನೆ. ಸದರಿ ನಾಲ್ಕು ನಿಮಿಷಗಳನ್ನು ನನ್ನ ಸೇವಾ ಅವಧಿಯಿಂದ ಕಳೆಯಲು ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಜೀವಂತ,
ರೇಯೊ ಕಾಂಗಸ್
(ಈ ಸಹಿಯನ್ನು ಅರ್ಜಿ ಬರೆದು ಮುಗಿಸಿದ ಮೇಲೆಯೇ ಹಾಕಿದ್ದೇನೆ.)

ಅಡಕಗಳು:
ಅ) ಶಾಕ್ ಯಂತ್ರದ ಪಟ್ಟಿ, ಮೂರು ಅಡಿ ಉದ್ದ, ಮಡಚಿದ್ದು.
ಆ) ಚೀಟಿ 0417ರ ನಕಲು, ಗಾಡಿ ನಂಬರಿನ ಮೊದಲ ನಾಲ್ಕು ಅಂಕಿ ನನ್ನ ಅಕ್ಷರ, ಉಳಿದದ್ದು ಶ್ರೀಮತಿ ಟಟ್ಲ್ ಅವರದು.
ಇ) ನಾಡಿ ಬರೆದ ಹದಿನಾಲ್ಕು ಚೀಟಿಗಳು.

ವಿ.ಸೂ.: ದೃಢೀಕರಣ ಪತ್ರವನ್ನು ಶೆಡ್ಡಿನ ವಿಳಾಸಕ್ಕೆ ಕಳುಹಿಸತಕ್ಕದ್ದು, ಮನೆಗೆ ಬೇಡ. ನನ್ನ ಹೆಂಡತಿ ಇರ್ಯಾಗೆ ನಾನು ಹೇಳಿರುವುದು, ತಲೆಸುತ್ತು ಬಂದು ಬಿದ್ದು ಪಕ್ಕೆಲುಬು ಮುರಿಯಿತು, ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ ಎಂದು ಮಾತ್ರ. ಈ ಊರಿನಲ್ಲಿ ಆಕೆಯೊಬ್ಬಳಿಗೆ ವಿಷಯ ಗೊತ್ತಿಲ್ಲ.