ಮಡಿಯಲ್ಲಿ ಹಾಕಿದ ಜಾಯಿಂಟು

ನಾನು ನಗಿಸೋ ಮನುಷ್ಯ ಅಲ್ಲ. ನಮ್ಮ ಮನೆಯವಳನ್ನ ಕೇಳಿ, ಮುಖ ಗಂಟು ಹಾಕಿಕೊಂಡೇ ಊಟಕ್ಕೆ ಕೂರ್ತಾರೆ ಅಂತಾಳೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿಂದ ಗುಬ್ಬಿಗೆ, ಆಮೇಲೆ ಕುಣಿಗಲ್ಲಿಗೆ ನೆಲದೊಳಗೆ ಫೋನಿನ ಫೈಬರ್ ಕೇಬಲ್ ಎಳೆದ ಗ್ಯಾಂಗಿನಲ್ಲಿ ನಾನು ಜಾಯಿಂಟ್ ಹಾಕುವವನು. ಹಾರೆ ಹಾಕಿದ ಕಡೆಯೆಲ್ಲ ಕಲ್ಲು ಸಿಗುತ್ತಿತ್ತು, ಕಲ್ಲಿನ ಜೊತೆಗೆ ಒಂದೊಂದು ನಗೆಪಾಟಲೂ ಸಿಗುತ್ತಿತ್ತು. ಕಲ್ಲು ಮರೆತೆ. ಇವು ಮರೆಯುತ್ತಿಲ್ಲ.

೧. ಆಳ

ಕೇಬಲ್ ಹೂಳುವುದಕ್ಕೆ ಅಳತೆ ಅಂತ ಒಂದಿದೆ. ಗುಂಡಿಯಲ್ಲಿ ಆಳು ನಿಂತರೆ ಕತ್ತಿನವರೆಗೆ ಬರಬೇಕು. ಕಡಿಮೆಯಾದರೆ ನಾಳೆ ಯಾರೋ ನಲ್ಲಿ ಪೈಪಿಗೆ ಅಗೆಯುತ್ತಾರೆ, ಕೇಬಲ್ ಎರಡು ತುಂಡು. ಗುಬ್ಬಿ ರಸ್ತೆಯಲ್ಲಿ ಒಂದು ಕಡೆ ಬರೀ ಬಂಡೆ. ನಮ್ಮ ಮೇಸ್ತ್ರಿಗೆ ಸಾಕಾಗಿ ಹೋಯಿತು. "ಇಷ್ಟೇ ಸಾಕು ಬುಡಿ, ಭೂಮ್ತಾಯಿಗೂ ನೋವಾಗ್ತದೆ" ಅಂದ.

ಅವತ್ತೇ ಕೆಲಸ ಪಾಸ್ ಮಾಡುವ ಸಾಹೇಬರ ಜೀಪು ಬಂತು. ಸಾಹೇಬರು ಕೆಳಗೆ ಇಳಿಯಲಿಲ್ಲ. ಜೀಪಿನಿಂದಲೇ ಕತ್ತು ಚಾಚಿದರು. ಗುಂಡಿಯ ಉದ್ದಕ್ಕೂ ಸಾಲಾಗಿ ತಲೆಗಳು ಮಾತ್ರ ಕಾಣುತ್ತಿದ್ದವು.

"ಭೇಷ್! ಅಳತೆ ಅಂದ್ರೆ ಇದು. ಎಲ್ಲಿ ಮೇಸ್ತ್ರಿ?" ಅಂದರು.

ಕರೆದ ತಕ್ಷಣ ಮೇಸ್ತ್ರಿ "ಬಂದೆ ಸಾರ್" ಅಂತ ಎದ್ದು ನಿಂತ. ಗುಂಡಿ ಅವನ ಸೊಂಟಕ್ಕೂ ಬರಲಿಲ್ಲ. ಸಾಹೇಬರ ಮುಂದೆ ಮೇಸ್ತ್ರಿಯೇ ಎದ್ದು ನಿಂತಾಗ ತಾವು ಕುಕ್ಕರುಗಾಲಲ್ಲಿ ಕೂತಿರುವುದು ಮರ್ಯಾದೆಯಲ್ಲ ಅಂತ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಕೈಮುಗಿದರು.

೨. ತಾಮ್ರ

ಗುಂಡಿಯನ್ನೆಲ್ಲ ಮತ್ತೆ ಅಗೆದೆವು. ಸಾಹೇಬರು ಹೇಳಿ ಹೋಗಿದ್ದರು: "ಗುಬ್ಬಿ ಲೈನು ಸರಿಯಾಗಿ ಮುಗಿಸಿದ್ರೆ ಕುಣಿಗಲ್ ಕೆಲಸ ನಿಮ್ದು. ಇಲ್ಲ ಅಂದ್ರೆ ಗಂಟುಮೂಟೆ ಕಟ್ಟಿ." ನನಗೆ ಆಗ ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ, ತೊಟ್ಟಿಲಲ್ಲಿ ಕೂಸು. ಕುಣಿಗಲ್ ಕೆಲಸ ತಪ್ಪಿದರೆ ಏನು ಗತಿ?

ಕೇಬಲ್ ಎಳೆದು ಮುಚ್ಚಿದ್ದಾಯಿತು. ವಾರ ಕಳೆಯಲಿಲ್ಲ, ಗುಬ್ಬಿಗೆ ಸ್ವಲ್ಪ ಈಚೆಗೆ ಒಂದು ಹಳ್ಳಿಯ ಹತ್ತಿರ ಯಾವನೋ ಪುಣ್ಯಾತ್ಮ ಅಷ್ಟು ಆಳ ಅಗೆದು ಕೇಬಲ್ ಕತ್ತರಿಸಿ ಒಂದು ತುಂಡು ಎತ್ತಿಕೊಂಡು ಹೋಗಿದ್ದ.

ಗುಬ್ಬಿಯ ಹೋಟೆಲಲ್ಲಿ ಇಡ್ಲಿ ಮುಂದಿಟ್ಟುಕೊಂಡು ನಾನೂ ಮೇಸ್ತ್ರಿಯೂ ತಲೆ ಮೇಲೆ ಕೈಹೊತ್ತು ಕೂತಿದ್ದೆವು. ಎದುರಿಗೆ ಕೂತಿದ್ದವನು ತಾನಾಗೇ ಮಾತು ತೆಗೆದ.

"ನೀವು ಕೇಬಲ್ನೋರಾ? ನಿಮಗೆ ಮೋಸ ಆಗೈತೆ ಸ್ವಾಮಿ. ಒಳಗೆ ತಾಮ್ರಾನೇ ಇಲ್ಲ. ಬರೀ ಗಾಜಿನ ಕೂದ್ಲು! ನಿಮ್ಮ ಕಂಟ್ರಾಕ್ಟ್ರು ಎಲ್ಲಾನೂ ನುಂಗವ್ನೆ."

"ನಿಂಗೆ ಹೆಂಗಯ್ಯ ಗೊತ್ತು?" ಅಂದೆ.

"ರಾತ್ರಿಯೆಲ್ಲ ಮೈ ಮುರ್ದು ಅಗೆದೋನಿಗೆ ಗೊತ್ತಾಗಲ್ವಾ?" ಅಂದವನು, ಮೇಸ್ತ್ರಿ ಎದ್ದಿದ್ದು ನೋಡಿ ಕೈ ಕೂಡ ತೊಳೆಯದೆ ಓಡಿದ.

೩. ಧೂಳು

ಕತ್ತರಿಸಿದ ಕಡೆ ಹೊಸ ತುಂಡು ಸೇರಿಸಿ ಜಾಯಿಂಟ್ ಹಾಕಬೇಕು. ಗಾಜಿನ ಎಳೆಗಳ ತುದಿ ಒರೆಸಿ, ಮಿಷನ್ನಿನೊಳಗೆ ಒಂದಕ್ಕೊಂದು ತಾಗಿಸಿ ಕರಗಿಸಿ ಬೆಸೆಯುವುದು. ಒಂದು ಕಣ ಧೂಳು ಕೂತರೂ ಎಳೆಯೊಳಗೆ ಮಾತು ಹೊತ್ತು ಹೋಗುವ ಬೆಳಕು ಅಲ್ಲೇ ಸೋರಿಹೋಗುತ್ತದೆ. ಎಷ್ಟು ಸೋರಬಹುದು ಅನ್ನುವುದಕ್ಕೂ ಅಳತೆ ಇದೆ.

ಮೊದಲ ಸಲ ರಸ್ತೆ ಬದಿಯಲ್ಲೇ ಕೂತೆ. ಗುಬ್ಬಿ ಬಸ್ಸು ಬರ್ ಅಂತ ಹೋಯಿತು, ಜಾಯಿಂಟ್ ಫೇಲು. ಎರಡನೇ ಸಲ ಬೆಡ್‌ಶೀಟ್ ಕಟ್ಟಿ ಒಳಗೆ ಕೂತೆ. ಗಾಳಿಗೆ ಬೆಡ್‌ಶೀಟು ಹಾರಿಹೋಗಿ ಬೇಲಿ ಮೇಲೆ ಬಿತ್ತು. ಮತ್ತೆ ಫೇಲು. ಸಾಹೇಬರಿಗೆ ಸುದ್ದಿ ಹೋಯಿತು. "ನಾಳೆ ನಾನೇ ಬರ್ತೀನಿ. ಒಂದೊಂದು ಎಳೇನೂ ನನ್ನ ಕಣ್ಣೆದುರಿಗೇ ಬೆಸೀಬೇಕು. ಇದೇ ಕೊನೇದು" ಅಂದರು.

ಗುಂಡಿಯ ಎದುರಿನ ಮನೆ ಜಗಲಿಯಲ್ಲಿ ಒಬ್ಬ ಅಜ್ಜಿ ಎರಡು ದಿನದಿಂದ ಇದನ್ನೆಲ್ಲ ನೋಡುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿತು, "ಅಲ್ಲ ಕಣಪ್ಪ, ಅದನ್ನ ಯಾರೂ ಮುಟ್ಟಂಗಿಲ್ಲ?"

"ಇಲ್ಲ ಅಜ್ಜಿ."

"ಮುಟ್ಟೋ ಮುಂಚೆ ಕೈ ತೊಳೀಬೇಕು?"

"ಹೂಂ ಅಜ್ಜಿ."

"ಧೂಳು, ಕಸ, ಕೂದ್ಲು ಏನೂ ಬೀಳಂಗಿಲ್ಲ?"

"ಏನೂ ಬೀಳಂಗಿಲ್ಲ."

"ಅಯ್ಯೋ ನಿನ್ ಮನೆ ಕಾಯ್ವಾಗ! ಇಷ್ಟು ಮಡಿ ಕೆಲ್ಸಾನ ಯಾರಾದ್ರೂ ಬೀದೀಲಿ ಕೂತು ಮಾಡ್ತಾರಾ?"

೪. ಮಡಿ

ಅಜ್ಜಿ ತನ್ನ ದೇವರ ಕೋಣೆಯನ್ನೇ ಬಿಟ್ಟುಕೊಟ್ಟಿತು. ಕಿಟಕಿಯಿಲ್ಲದ ಕೋಣೆ, ಸಾರಿಸಿದ ನೆಲ, ಗಾಳಿ ಆಡಲ್ಲ. ಜಾಯಿಂಟಿಗೆಂದೇ ಗುಂಡಿಯಲ್ಲಿ ಸುತ್ತಿಟ್ಟಿದ್ದ ಹೆಚ್ಚುವರಿ ಕೇಬಲ್ ಬಿಚ್ಚಿ ತುದಿಗಳನ್ನು ಒಳಕ್ಕೆ ತಂದೆವು. ಅಜ್ಜಿಯದು ಒಂದೇ ಕರಾರು: ಕೂಲಿಯವನಾಗಲಿ, ಯಾರೇ ಆಗಲಿ, ಸ್ನಾನ ಮಾಡಿದವರಿಗೆ ಮಾತ್ರ ಒಳಗೆ ಜಾಗ. ನಾನೂ ಮೇಸ್ತ್ರಿಯೂ ಹಂಡೆಯ ಬಿಸಿನೀರೆಲ್ಲ ಖಾಲಿ ಮಾಡಿ, ಒಗೆದ ಪಂಚೆ ಉಟ್ಟು ಕೂತೆವು.

ಸಾಹೇಬರು ಬೂಟಿನಲ್ಲೇ ಹೊಸ್ತಿಲಿಗೆ ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿತು. "ಸ್ನಾನ ಆಯ್ತೇನಪ್ಪ?"

"ನಾನು ಆಫೀಸರ್ ಕಣಮ್ಮ."

"ಆಫೀಸಿನೋರು ಸ್ನಾನ ಮಾಡಲ್ವಾ?"

"ಬೆಳಿಗ್ಗೆ ತುಮಕೂರಲ್ಲೇ ಮಾಡಿದೀನಿ!"

"ಅದು ತುಮಕೂರಿನ ಮಡಿ. ದಾರಿ ಧೂಳೆಲ್ಲ ಮೈಮೇಲೈತೆ. ಹೋಗು, ಹಿತ್ಲಲ್ಲಿ ತೊಟ್ಟಿ ಐತೆ."

ಸಾಹೇಬರು ಸಿಟ್ಟಿನಲ್ಲಿ ಜೀಪು ಹತ್ತಿದರೆ ನಮ್ಮ ಕಥೆ ಮುಗಿಯಿತು. ಅವರು ನನ್ನನ್ನು ಸುಡುವ ಹಾಗೆ ನೋಡಿದರು. ಅಜ್ಜಿಯನ್ನು ನೋಡಿದರು. ಆಮೇಲೆ ಬೂಟು ಬಿಚ್ಚಿದರು. ಪುಷ್ಯಮಾಸದ ಚಳಿ, ತೊಟ್ಟಿಯ ತಣ್ಣೀರು. ಹಿತ್ತಲಿಂದ ಕೇಳಿಬಂದ ಶಬ್ದಗಳನ್ನು ಇಲ್ಲಿ ಬರೆಯಲಾರೆ.

ಅಜ್ಜಿಯ ಯಜಮಾನರ ಕಾಲದ ಪಂಚೆ ಉಟ್ಟು, ಬರಿಮೈಯಲ್ಲಿ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಸಾಹೇಬರು ಮಿಷನ್ನಿನ ಮುಂದೆ ನಡುಗುತ್ತಾ ಕೂತರು. ನಾನು ಎಳೆ ಒರೆಸಲು ಸ್ಪಿರಿಟ್ ಬಾಟಲಿ ತೆರೆದೆ. ಅಜ್ಜಿ ಮೂಗು ಅರಳಿಸಿ ನೇರ ಸಾಹೇಬರನ್ನೇ ದಿಟ್ಟಿಸಿತು. "ಯಾರೋ ಕುಡ್ದು ಬಂದವ್ರೆ."

"ನಾನಲ್ಲ ಕಣಮ್ಮ!" ಅಂತ ಸಾಹೇಬರು ಕೈಮುಗಿದೇ ಬಿಟ್ಟರು. ಸೂಜಿ ಚುಚ್ಚುವ ಮುಂಚೆ ಡಾಕ್ಟರು ಒರೆಸುವ ಸ್ಪಿರಿಟ್ ಇದು ಅಂತ ನಾನು ಬಿಡಿಸಿ ಹೇಳಿದ ಮೇಲೇ ಅಜ್ಜಿ ನಂಬಿದ್ದು.

ಒಂದೊಂದೇ ಎಳೆ ಬೆಸೆದೆ. ಕೈ ನಡುಗಬಾರದು ಅಂತ ಉಸಿರು ಹಿಡಿದುಕೊಂಡಿದ್ದೆ, ಕಣ್ಣ ಮುಂದೆ ತೊಟ್ಟಿಲ ಕೂಸೇ ಬರುತ್ತಿತ್ತು. ಪ್ರತಿ ಎಳೆಗೂ ಸಾಹೇಬರು ಮಿಷನ್ನಿನ ಪರದೆಯಲ್ಲಿ ಅಳತೆ ನೋಡಿ "ಪಾಸ್" ಅಂದರು. ಕೊನೆಯದಕ್ಕೂ "ಪಾಸ್" ಅಂದಾಗ ಎದ್ದು ಅಜ್ಜಿಯ ಕಾಲಿಗೆ ಬಿದ್ದೆ. ಸಾಹೇಬರು ಬಟ್ಟೆ ಹಾಕಿಕೊಂಡು ಹೊರಟುಹೋದರು.

ಕುಣಿಗಲ್ ಕೆಲಸ ನಮಗೇ ಸಿಕ್ಕಿತು. ಅಲ್ಲಿಯ ಮೊದಲ ಜಾಯಿಂಟಿಗೆ ಯಾರದೋ ಖಾಲಿ ಗೋಡೌನು ಗುಡಿಸಿ ಒರೆಸಿ ಇಟ್ಟುಕೊಂಡು ಕಾಯುತ್ತಿದ್ದೆವು. ಸಾಹೇಬರ ಜೀಪು ಬಂತು. ಈ ಸಲ ಅವರು ಕೆಳಗೆ ಇಳಿದರು. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಪಂಚೆ, ಕೈಯಲ್ಲಿ ಸೋಪಿನ ಡಬ್ಬಿ. ಸುತ್ತಮುತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಇಲ್ಲಿ ಬಿಸಿನೀರಾದ್ರೂ ಇದೆ ತಾನೇ?"